ಬ್ಯಾರನ್ನಿನೊಳಗೆ ಐದು ಸ್ಪೀಕರು

ಹುಣಸೂರು
೮ ಡಿಸೆಂಬರ್ ೨೦೨೪

ಪಿರಿಯಾಪಟ್ಟಣದ ನಿವೃತ್ತ ಸಿನಿಮಾ ಆಪರೇಟರ್ ಶ್ರೀ ತಿಮ್ಮಯ್ಯನವರ ಸಮ್ಮುಖಕ್ಕೆ,

ಹುಣಸೂರು ತಾಲ್ಲೂಕು ಕಚೇರಿಯ ಎದುರಿನ ಮರದಡಿಯಲ್ಲಿ ಕುಳಿತು ಒಂದು ಆಯುಷ್ಯದಷ್ಟು ಕಾಲ ಜನರ ಅರ್ಜಿಗಳನ್ನು ಬರೆದುಕೊಟ್ಟು, ಸದ್ಯ ಮನೆಯಲ್ಲಿ ವಿಶ್ರಮಿಸುತ್ತಿರುವ ಗುರುಮಲ್ಲಪ್ಪನು ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಾವು ಕಳೆದ ಯುಗಾದಿಯಿಂದೀಚೆಗೆ ನಮ್ಮ ಮನೆಯ ಕಡೆ ಸುಳಿದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಭಾನುವಾರ ಮಧ್ಯಾಹ್ನಗಳಲ್ಲಿ ಇಬ್ಬರೂ ಕೂಡಿ ಸಿನಿಮಾ ನೋಡುತ್ತಿದ್ದ ಕಾರ್ಯಕ್ರಮವು ಯಾವ ಕಾರಣವನ್ನೂ ತಿಳಿಸದೆ ರದ್ದಾಗಿರುತ್ತದೆ. ಕಾರಣ ಕೇಳುವ ಹಕ್ಕು ನನಗಿದೆಯೆಂದು ನಂಬಿದ್ದೇನೆ. ಆದರೂ ಈ ಪತ್ರದಲ್ಲಿ ಅದನ್ನು ಚಲಾಯಿಸದೆ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಾನು ಹೋಮ್ ಥಿಯೇಟರ್ ಮಾಡುತ್ತಿದ್ದೇನೆ! ಅರ್ಜಿ ಬರವಣಿಗೆಯಲ್ಲಿ ಈ ಆಶ್ಚರ್ಯಸೂಚಕ ಚಿಹ್ನೆಯನ್ನು ನಾನು ಹಿಂದೆಂದೂ ಬಳಸಿದವನಲ್ಲ. ಇಲ್ಲಿ ಬಳಸದೆ ಇರಲಾಗಲಿಲ್ಲ.

ನಮ್ಮ ಹಿತ್ತಲಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುತ್ತಿದ್ದ ಕೊಠಡಿ, ಆ ಬ್ಯಾರನ್ನನ್ನು ತಾವು ಬಲ್ಲಿರಿ. ಈ ವರ್ಷದಿಂದ ಸೊಪ್ಪಿನ ಬೆಳೆಯನ್ನೇ ಕೈಬಿಟ್ಟೆವಾದ್ದರಿಂದ ಅದು ಖಾಲಿ ನಿಂತಿದೆ. ದಪ್ಪ ಗೋಡೆ, ಎತ್ತರದ ಮಾಡು, ಕಿಟಕಿಯೇ ಇಲ್ಲ. ಬಾಗಿಲು ಮುಚ್ಚಿದರೆ ನಡುಮಧ್ಯಾಹ್ನದಲ್ಲೂ ತಮ್ಮ ಟಾಕೀಸಿನಷ್ಟೇ ಕತ್ತಲೆ. ಕೈಯಲ್ಲಿ ಐವತ್ತು ಸಾವಿರ ರೂಪಾಯಿ ಇದೆ. ಇದಕ್ಕೆ ಮೇಲ್ಪಟ್ಟು ಒಂದು ರೂಪಾಯಿಯೂ ಇಲ್ಲ. ನನ್ನ ಪತ್ನಿ ನಾಗಮ್ಮಣ್ಣಿಯ ಬೇಡಿಕೆ ಗೋಡೆಯಗಲದ ಟಿವಿ. ಅದನ್ನು ಕೊಂಡು, ಉಳಿದ ಹಣದಲ್ಲಿ ಸ್ಪೀಕರ್ ತರುವುದೆಂದು ತೀರ್ಮಾನವಾಗಿದೆ.

ಬಜಾರಿನ ಸೋಮಶೇಖರ್ ಅಂಗಡಿಯಲ್ಲಿ ಒಂದು ಪೆಟ್ಟಿಗೆಯನ್ನು ಕಂಡೆ. ಅದರ ಮೇಲೆ ಹತ್ತು ಸಾವಿರ ವ್ಯಾಟ್ ಎಂದು ಹೊಳೆಯುವ ಅಕ್ಷರದಲ್ಲಿ ಮುದ್ರಿಸಿದೆ. ಮುದ್ರಿತವಾದದ್ದು ಸುಳ್ಳಿರಲಾರದು. ಅವನು ಯುದ್ಧದ ದೃಶ್ಯವೊಂದನ್ನು ಹಾಕಿದಾಗ ಪಕ್ಕದ ಪಾತ್ರೆ ಅಂಗಡಿಯ ಮುಚ್ಚಳಗಳು ಉರುಳಿದವು. ನನ್ನ ಎದೆಯೂ ಅದುರಿತು. ಮುಂಗಡ ಕೊಡುವ ಮೊದಲು ತಮ್ಮಂಥ ಅನುಭವಸ್ಥರ ಅಭಿಪ್ರಾಯವನ್ನು ಪಡೆಯುವುದು ಸೂಕ್ತವೆಂದು ಈ ಪತ್ರ.

ತಮ್ಮ ಉತ್ತರವನ್ನು ಎದುರುನೋಡುತ್ತಿರುವ,
ಗುರುಮಲ್ಲಪ್ಪ


ಪಿರಿಯಾಪಟ್ಟಣ
೧೬ ಡಿಸೆಂಬರ್ ೨೦೨೪

ಲೋ ಗುರುಮಲ್ಲ,

ನಂಗೂ ಅರ್ಜಿ ಬರ್ದಿದ್ದೀಯಲ್ಲೋ. ಕೋರ್ಟ್ ಫೀ ಸ್ಟಾಂಪು ಒಂದು ಅಂಟಿಸೋದು ಮರ್ತಿದ್ದೀಯ.

ಇದನ್ನ ಬರೀತಿರೋದು ನಮ್ಮ ಸೊಸೆ ಪವಿತ್ರ. ನಂಗೆ ಈಚೆಗೆ ಕೈ ನಡುಗ್ತದೆ, ಅದಕ್ಕೆ. ನಾನು ಹೇಳಿದಂಗೇ ಬರಿ, ಒಂದಕ್ಷರ ತಿದ್ದಬೇಡ ಅಂದಿದ್ದೀನಿ. ನಾನು ಸಿನಿಮಾ ಬುಟ್ಟೆ. ಸಾಕಾಯ್ತು, ಬುಟ್ಟೆ, ಅಷ್ಟೇಯ. ನೀನು ಥಿಯೇಟರ್ ಕಟ್ಟು, ಅರಮನೆ ಕಟ್ಟು, ನನ್ನ ಕರೀಬೇಡ.

ಆದ್ರೆ ಆ ಪೆಟ್ಟಿಗೆ ಮಾತ್ರ ತಗೋಬೇಡ ಕಣೋ! ಹತ್ತು ಸಾವಿರ ವ್ಯಾಟಂತೆ. ನಮ್ಮ ಟಾಕೀಸಲ್ಲಿ ಇಡೀ ಪಿರಿಯಾಪಟ್ಟಣ ಕೂತ್ಕಂಡು ಕೇಳ್ತಿತ್ತು, ಅದಕ್ಕೂ ಅಷ್ಟು ಇರ್ಲಿಲ್ಲ. ಪ್ರಿಂಟ್ ಆಗದೆ ಅಂತ ನಂಬ್ತೀಯಲ್ಲ, ನೀನು ಬರೆದ ಅರ್ಜಿಗಳಲ್ಲಿ ಎಷ್ಟು ನಿಜ ಇತ್ತು ಹೇಳು ನೋಡಾನ.

ಕೇಳು. ಸಿನಿಮಾದಲ್ಲಿ ಮಾತೆಲ್ಲ ಬರೋದು ನಡುವಿನ ಸ್ಪೀಕರಿಂದ. ಸೆಂಟರ್ ಅಂತಾರೆ. ಟಿವಿ ಕೆಳಗೆ ಕೂರ್ತದೆ. ಇರೋ ದುಡ್ಡಲ್ಲಿ ಅದಕ್ಕೆ ಮೊದಲು ಒಳ್ಳೇದು ನೋಡು. ಆಮೇಲೆ ಅದೇ ಕಂಪ್ನಿದು, ಅದೇ ಜಾತಿದು, ಎಡಕ್ಕೊಂದು ಬಲಕ್ಕೊಂದು. ಬೇರೆ ಬೇರೆ ತಂದ್ರೆ, ಮಾತಾಡ್ತಾ ಮಾತಾಡ್ತಾ ಎಡಗಡೆಯಿಂದ ಬಲಗಡೆಗೆ ನಡ್ಕಂಡು ಓಗೋನ ಗಂಟಲು ನಡುವೆ ಬದಲಾಗೋಯ್ತದೆ. ಇವನ್ನೆಲ್ಲ ನಡೆಸೋಕೆ ಒಂದು ರಿಸೀವರ್ ಬೇಕು. ಹಿಂದ್ಗಡೆ ಎರಡು ಸ್ಪೀಕರು ಆಮೇಲೆ, ದುಡ್ಡಾದಾಗ. ಗುಡುಗೋ ಡಬ್ಬ ಕಡೇಲಿ, ಇಲ್ದಿದ್ರೂ ಆಯ್ತದೆ. ಅಂಗಡೀಲಿ ಬಾಂಬು ಹಾಕಿಸಿ ಕೇಳಬೇಡ. ಬಾಂಬು ಎಲ್ಲದ್ರಲ್ಲೂ ಚೆನ್ನಾಗೇ ಸಿಡೀತದೆ. ಇಬ್ಬರು ಮೆತ್ತಗೆ ಮಾತಾಡೋದು ಹಾಕ್ಸು. ಮನುಷ್ಯರು ಮಾತಾಡೋದು ಸರಿಯಾಗಿ ಹೇಳೋ ಪೆಟ್ಟಿಗೆ ಇನ್ನೆಲ್ಲಾನೂ ಸರಿಯಾಗೇ ಹೇಳ್ತದೆ.

ಸಾಕು. ಜಾಸ್ತಿ ಆಯ್ತು. ನಾಗಮ್ಮಣ್ಣಿಯೋರಿಗೆ ಕೇಳಿದೆ ಅಂತ ಹೇಳು.

ತಿಮ್ಮಯ್ಯ

ಗುರುಮಲ್ಲಪ್ಪ ಮಾಮ, ಇಲ್ಲಿಂದ ಕೆಳಗೆ ಬರೆಯುತ್ತಿರುವುದು ನಾನು, ಪವಿತ್ರ. ಮಾವನವರಿಗೆ ಗೊತ್ತಿಲ್ಲ. ನಡುಗುತ್ತಿರುವುದು ಅವರ ಕೈಯಲ್ಲ. ಗ್ಲಾಕೊಮಾದಿಂದ ಅವರಿಗೆ ಎರಡೂ ಕಣ್ಣು ಹೋಗಿದೆ. ಬೆಳಕು ಕತ್ತಲು ಮಾತ್ರ ತಿಳಿಯುತ್ತದೆ. ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಮಾವನವರು ಮನೆಯ ಟಿವಿಯ ವೈರನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದರು. ನಿಮ್ಮ ಪತ್ರವನ್ನು ಮಾತ್ರ ಮತ್ತೆ ಮತ್ತೆ ಓದಿಸಿದರು. ಇಷ್ಟು ದಿನಕ್ಕೆ ಇವತ್ತೇ ಅವರು ಇಷ್ಟೊಂದು ಮಾತಾಡಿದ್ದು.


ಹುಣಸೂರು
೧೨ ಜನವರಿ ೨೦೨೫

ಶ್ರೀ ತಿಮ್ಮಯ್ಯನವರಿಗೆ,

ತಮ್ಮ ಕೈನಡುಕವು ಬೇಗ ವಾಸಿಯಾಗಲೆಂದು ಹಾರೈಸುತ್ತೇನೆ.

ತಾವು ನೀಡಿದ ಸಲಹೆಗಳನ್ನು ಪೂರ್ಣವಾಗಿ ಅಂಗೀಕರಿಸಿ, ಹಿಂದಿನ ತೀರ್ಮಾನದಲ್ಲಿ ಒಂದು ತಿದ್ದುಪಡಿ ಮಾಡಲಾಗಿದೆ. ಹೊಸ ಟಿವಿಯನ್ನು ಕೊಳ್ಳುವುದಿಲ್ಲ. ಮನೆಯಲ್ಲಿರುವ ಹಳೆಯ ಟಿವಿಯೇ ಬ್ಯಾರನ್ನಿಗೆ ವರ್ಗವಾಗುತ್ತದೆ. ಇರುವಷ್ಟೂ ಹಣ ಧ್ವನಿಯ ಬಾಬ್ತಿಗೆ. ಚಿತ್ರ ಚಿಕ್ಕದಾದರೆ ತಲೆಹೋಗುವುದಿಲ್ಲ ಎಂಬುದು ನನ್ನ ಇತ್ತೀಚಿನ ಅಭಿಪ್ರಾಯ.

ನಿನ್ನೆ ನಾಗಮ್ಮಣ್ಣಿಯೊಡನೆ ಸೋಮಶೇಖರನ ಅಂಗಡಿಗೆ ಹೋದೆ. ನಡುವೆ ಕುರ್ಚಿ ಹಾಕಿಸಿಕೊಂಡು, ಹೆಗಲ ಮೇಲಿನ ವಸ್ತ್ರದಿಂದ ಎರಡೂ ಕಣ್ಣುಗಳನ್ನು ಬಿಗಿಯಾಗಿ ಕಟ್ಟಿಕೊಂಡು ಕುಳಿತೆ. ದಾರಿಯ ಧೂಳಿನಿಂದ ಕಣ್ಣು ಉರಿಯುತ್ತಿತ್ತು, ಬೇರೆ ಕಾರಣವೇನೂ ಇಲ್ಲ.

“ಏನ್ ಸಾರ್, ಕಣ್ಣಾಮುಚ್ಚಾಲೆ ಆಡಾಕೆ ಬಂದ್ರಾ?” ಎಂದ ಸೋಮಶೇಖರ್.

“ಟಿವಿ ತೋರ್ಸಾನ ಅಂತ ನಾನು ಕರ್ಕಂಡ್ ಬಂದ್ರೆ ಕಣ್ಣು ಕಟ್ಕಂಡು ಕೂತವ್ರಲ್ಲಪ್ಪ ಇವ್ರು! ನೋಡ್ದೋರು ಏನಂದಾರು?” ಎಂದಳು ನಾಗಮ್ಮಣ್ಣಿ.

“ಯುದ್ಧ ಬೇಡ, ಮಾತು ಹಾಕಪ್ಪ. ಗಂಡ ಹೆಂಡತಿ ಜಗಳ ಏನಾದ್ರೂ ಇದ್ರೆ ಹಾಕು,” ಎಂದೆ.

“ಅದಕ್ಕೆ ಐವತ್ತು ಸಾವಿರ ಯಾಕೆ ಸುರೀಬೇಕು? ಮನೇಲೇ ಬಿಟ್ಟಿ ಸಿಗ್ತದಲ್ಲ,” ಎಂದು ಆಕೆ ಅಂದಾಗ ಅಂಗಡಿಯೇ ನಕ್ಕಿತು.

ಮೊದಲು ಹತ್ತು ಸಾವಿರ ವ್ಯಾಟಿನ ಪೆಟ್ಟಿಗೆ. ಅದರಲ್ಲಿ ಗಂಡ ಹೆಂಡತಿ ಇಬ್ಬರೂ ಕಂಬಳಿ ಹೊದ್ದು ಜಗಳವಾಡುತ್ತಿದ್ದಂತಿತ್ತು. ಬೈಗುಳವಿದೆಯೆಂದು ತಿಳಿಯುತ್ತಿತ್ತೇ ಹೊರತು ಏನೆಂದು ಬೈದರೋ ತಿಳಿಯದು. ಎರಡನೆಯದೂ ಹಾಗೆಯೇ. ಮೂರನೆಯದು ನೋಡಲು ಸಣ್ಣದಾದ, ಮರದ ಮೈಯುಳ್ಳ ಜೋಡಿ, ನಡುವೆ ಅದರದೇ ಸೆಂಟರ್. ತಿಮ್ಮಯ್ಯನವರೇ, ಏನು ಹೇಳಲಿ! ಹೆಂಡತಿ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದ್ದು ಕೇಳಿತು. ಗಂಡ ಉತ್ತರ ಕೊಡಲು ಬಾಯಿ ತೆರೆದು, ಉಸಿರೆಳೆದುಕೊಂಡು, ಕೊಡದೆ ಸುಮ್ಮನಾದದ್ದು ಕೇಳಿತು. ಅವನು ಬಲಗಡೆಯ ಬಾಗಿಲಿನಿಂದ ಎದ್ದು ಹೋದನೆಂದು ನಾನು ಕುಳಿತಲ್ಲಿಂದಲೇ ಬೆರಳು ಮಾಡಿ ತೋರಿಸಿದೆ. ಸೋಮಶೇಖರ್ ಹೌದೆಂದ. ಕಣ್ಣು ಕಟ್ಟಿಕೊಂಡವನಿಗೂ ಆ ಮನೆಯ ನಕ್ಷೆ ಪೂರ್ಣವಾಗಿ ತಿಳಿಯಿತು. ಸಂತೋಷದಲ್ಲಿ ಎದ್ದು ನಿಂತವನು ವಸ್ತ್ರ ಬಿಚ್ಚುವುದನ್ನು ಮರೆತು ಮಿಕ್ಸಿಗಳ ರಾಶಿಗೆ ಡಿಕ್ಕಿ ಹೊಡೆದೆನೆಂಬುದನ್ನೂ ಮುಚ್ಚಿಡುವುದಿಲ್ಲ.

ಮೂರು ಸ್ಪೀಕರ್ ಮತ್ತು ಒಂದು ರಿಸೀವರನ್ನು ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದೆವು. ದಾರಿಯಲ್ಲಿ ನಾಗಮ್ಮಣ್ಣಿ, ಕಣ್ಣು ಕಟ್ಟಿಕೊಂಡದ್ದು ನಿಜವಾಗಿ ಏಕೆಂದು ಕೇಳಿದಳು. ಧೂಳೆಂದೆ. ಅಲ್ಲಿಂದೀಚೆಗೆ ಆಕೆ ಟಿವಿಯ ಮಾತನ್ನೆತ್ತಿಲ್ಲ.

ಸಡಗರದಿಂದ,
ಗುರುಮಲ್ಲಪ್ಪ


ಪಿರಿಯಾಪಟ್ಟಣ
೩೦ ಜನವರಿ ೨೦೨೫

ಗುರುಮಲ್ಲ,

ನೀನ್ಯಾಕೆ ಕಣ್ಣು ಕಟ್ಕಂಡು ಕೂತೆ ಅಂತ ತಿಳೀದೆ ಇರೋವಷ್ಟು ದಡ್ಡ ಅಲ್ಲ ಕಣ್ಲಾ ನಾನು. ಪವಿತ್ರನ ಕೇಳ್ದೆ. ಒಪ್ಕಂಡ್ಲು. ಈಗ ಅಳ್ತಾ ಬರೀತಾವ್ಳೆ, ಬರೀಲಿ.

ನಿನ್ನ ಹೆಂಡ್ರು ಆಸೆಪಟ್ಟ ಟಿವಿ ಬುಡಿಸಿ ನಂಗೆ ಥಿಯೇಟರ್ ಕಟ್ಟು ಅಂತ ಯಾರು ಹೇಳಿದ್ರು? ನಾನು ರೀಲು ಓಡಿಸಿ ಬದುಕಿದೋನು. ಪರದೆ ಮೇಲೆ ಒಂದು ಕೂದಲು ಬಿದ್ರೂ ಕಂಡಿಡೀತಿದ್ದೆ. ಅಂಥೋನ್ನ ಕರ್ಕಂಡೋಗಿ ಜನರ ಮಧ್ಯ ಕೂರಿಸಿ, ಪಾಪ, ಕೇಳಿಸ್ಕಳ್ಳಿ ಅಂತೀಯಾ? ನಂಗೆ ನಿನ್ನ ಪಾಪ ಬೇಕಾಗಿಲ್ಲ.

ಬರಾದಿಲ್ಲ ನಾನು. ಬರೀಲೂಬೇಡ.

ತಿಮ್ಮಯ್ಯ


ಹುಣಸೂರು
೯ ಮಾರ್ಚ್ ೨೦೨೫

ಶ್ರೀ ತಿಮ್ಮಯ್ಯನವರಿಗೆ,

ಬರೆಯಬಾರದೆಂಬ ತಮ್ಮ ಆದೇಶವನ್ನು ಉಲ್ಲಂಘಿಸಿ ಬರೆಯುತ್ತಿದ್ದೇನೆ. ನಡುವಿನ ದಿನಗಳಲ್ಲಿ ಹಲವು ಉತ್ತರಗಳನ್ನು ಬರೆದು ಹರಿದಿದ್ದೇನೆ. ಅವುಗಳ ಸಾರಾಂಶವನ್ನು ಇಲ್ಲಿ ಕೊಡುವುದಿಲ್ಲ. ಇದು ಕೇವಲ ತಾಂತ್ರಿಕ ದೂರು. ತಾವು ಬರಬೇಕೆಂದು ಈ ಪತ್ರದಲ್ಲಿ ಎಲ್ಲಿಯೂ ಕೋರಿಲ್ಲ.

ಬ್ಯಾರನ್ನಿನ ಮಣ್ಣುಗೋಡೆ ಕಪ್ಪುಹಿಡಿದು ಅಸಹ್ಯವಾಗಿದ್ದುದರಿಂದ, ಥಿಯೇಟರ್ ಎನಿಸಿಕೊಳ್ಳುವ ಜಾಗಕ್ಕೆ ಒಂದು ಘನತೆ ಇರಲೆಂದು ಸ್ಪೀಕರು ಕೊಂಡು ಉಳಿದ ಹಣದಲ್ಲಿ ಒಳಗೆಲ್ಲ ಸಿಮೆಂಟು ಗಾರೆ ಮಾಡಿಸಿ, ಕೈಯಿಟ್ಟರೆ ಜಾರುವಂತೆ ನಯ ಮಾಡಿಸಿ, ನೆಲಕ್ಕೆ ಟೈಲ್ಸ್ ಹಾಕಿಸಿದೆ. ಸ್ಪೀಕರುಗಳು ಎಲ್ಲರಿಗೂ ಕಾಣಲೆಂದು ಗೋಡೆಯ ಮೇಲ್ಭಾಗದಲ್ಲಿ, ಹಿಂದೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸಾಲಾಗಿ ಇಡುತ್ತಿದ್ದ ತೊಲೆಗಳ ಮಟ್ಟದಲ್ಲಿ ಕೂರಿಸಿದೆ. ಹಿಂಭಾಗಕ್ಕೂ ಎರಡು ಬಂದಿವೆ. ಅವು ನಾಗಮ್ಮಣ್ಣಿ ಡೇರಿಗೆ ಹಾಲು ಹಾಕಿ ಕೂಡಿಸಿದ ಹಣದಿಂದ ಬಂದವು. ನಾನು ಕೇಳಿರಲಿಲ್ಲ. ಒಂದು ದಿನ ತಾನೇ ಅಂಗಡಿಗೆ ಹೋಗಿ, “ಇವ್ರು ತಗಂಡೋದ್ರಲ್ಲ, ಅದೇ ಜಾತಿದು ಕೊಡಪ್ಪ,” ಎಂದು ತಂದಿದ್ದಾಳೆ.

ಹೀಗೆ ಐದೂ ಸ್ಪೀಕರುಗಳು ಸಿದ್ಧವಾದ ದಿನ ಹಚ್ಚಿ ಕೇಳಿದರೆ, ಅಂಗಡಿಯಲ್ಲಿ ಲೋಟ ಕುಕ್ಕಿದ್ದನ್ನೂ ಹೇಳಿದ ಅದೇ ಪೆಟ್ಟಿಗೆಗಳಲ್ಲಿ ಒಂದೇ ಒಂದು ಮಾತೂ ಅರ್ಥವಾಗಲಿಲ್ಲ. ಒಂದು ಮಾತು ಗೋಡೆಗೆ ಬಡಿದು ಹಿಂದಿರುಗುವಷ್ಟರಲ್ಲಿ ಮತ್ತೊಂದು ಹೊರಟಿರುತ್ತದೆ. ಸಂತೆಯ ನಡುವೆ ನಿಂತಂತೆ. ಸೋಮಶೇಖರನು ಬಂದು ನೋಡಿ ಇನ್ನೂ ದೊಡ್ಡ ಸ್ಪೀಕರ್ ಬೇಕೆನ್ನುತ್ತಾನೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಈ ವಿಷಯವನ್ನು ತೀರ್ಮಾನಿಸಬಲ್ಲವರು ಹುಣಸೂರು ತಾಲ್ಲೂಕಿನಲ್ಲಿ ಯಾರೂ ಇಲ್ಲ.

ಪಾಪವೆಂದು ಅಲ್ಲ, ತಿಮ್ಮಯ್ಯ. ಒಬ್ಬನೇ ಕೂತು ಸಿನಿಮಾ ನೋಡಲು ನನಗೆ ಆಗುವುದಿಲ್ಲ. ಅಷ್ಟೆ.

ಗುರುಮಲ್ಲಪ್ಪ


ಪಿರಿಯಾಪಟ್ಟಣ
೧೭ ಮಾರ್ಚ್ ೨೦೨೫

ಲೇ ಗುರುಮಲ್ಲ,

ಸಿಮೆಂಟು ಬಳ್ದ್ಯಾ! ಅಯ್ಯೋ ನಿನ್ನ! ಮಣ್ಣುಗೋಡೆ ಸದ್ದು ಕುಡೀತಿತ್ತು ಕಣೋ. ಅದನ್ನ ಹಾಳುಮಾಡಿ ನೀರಿನ ಟ್ಯಾಂಕು ಕಟ್ಟಿ ಕೂತಿದ್ದೀಯ. ಟ್ಯಾಂಕೊಳಕ್ಕೆ ಬಗ್ಗಿ ಕೂಗಿದ್ರೆ ಏನಾಯ್ತದೆ? ಅದೇ ಆಗಿರೋದು.

ಇನ್ನೊಂದು ಪೈಸಾ ಸೋಮಶೇಖರಂಗೆ ಕೊಟ್ಟೀಯ, ಜೋಕೆ. ನಿಮ್ಮಟ್ಟೀಲಿ ಸೊಪ್ಪು ಬೇಲು ಕಟ್ತಿದ್ದ ಗೋಣಿತಾಟು ಇರ್ಬೇಕಲ್ಲ? ಎಲ್ಲಾನೂ ತೆಗಿ. ಸೊಪ್ಪು ನೇತಾಕ್ತಿದ್ದಂಗೆ ಆ ತೊಲೆಗಳಿಗೆ ಸಾಲಾಗಿ ನೇತಾಕು. ನೆಲಕ್ಕೆ ಜಮಖಾನ ಹಾಸು. ನಮ್ಮ ಟಾಕೀಸಲ್ಲಿ ಜನ ಇಲ್ದಿರೋ ಶೋನಲ್ಲಿ ಮಾತೆಲ್ಲ ಇಂಗೇ ಕಲಸೋಗೋದು, ಹೌಸ್‌ಫುಲ್ ಆದ ದಿನ ಗಂಟೆ ಹೊಡ್ದಂಗೆ ಕೇಳೋದು. ಜನಾನೂ ಸದ್ದು ಕುಡೀತಾರೆ. ಅದಕ್ಕೆ ಶೋ ದಿನ ಅಕ್ಕಪಕ್ಕದೋರ್ನೆಲ್ಲ ಕೂರ್ಸು.

ಸ್ಪೀಕರ್ ಎಷ್ಟು ಎತ್ತರಕ್ಕೆ, ಯಾವ ಕಡೆ ಮಕ ಮಾಡ್ಬೇಕು, ಇವೆಲ್ಲ ಕಾಗದದಲ್ಲಿ ಬರ್ಯೋ ವಿಷ್ಯ ಅಲ್ಲ. ಬಂದು ಕಿವಿ ಕೊಡ್ಬೇಕು.

ನಂಗೆ ಕಣ್ಣು ಓಗದೆ ಕಣೋ. ನನ್ನ ಬಾಯಿಂದ್ಲೇ ಹೇಳಿದ್ದೀನಿ ಈಗ. ಇನ್ನು ಅದರ ಮಾತು ಬೇಡ. ಏಪ್ರಿಲ್ ಮೊದಲ ವಾರ ನಮ್ಮ ಮಗ ಚೆಲುವರಾಜು ಬಸ್ಸಲ್ಲಿ ಕರ್ಕಂಡ್ ಬತ್ತಾನೆ. ಸ್ಪೀಕರ್ ಕೂರಿಸಿಕೊಟ್ಟು ಅವತ್ತೇ ವಾಪಸ್ಸು. ಸಿನಿಮಾಗೆ ಕೂರಲ್ಲ.

ತಿಮ್ಮಯ್ಯ


ಹುಣಸೂರು
೭ ಏಪ್ರಿಲ್ ೨೦೨೫

ಚಿರಂಜೀವಿ ಸೌಭಾಗ್ಯವತಿ ಪವಿತ್ರಳಿಗೆ ಆಶೀರ್ವಾದಪೂರ್ವಕವಾಗಿ ಬರೆಯುವುದು:

ನಿನ್ನ ಪತಿ ಚೆಲುವರಾಜು ಶನಿವಾರ ಬೆಳಿಗ್ಗೆ ನಿನ್ನ ಮಾವನವರನ್ನು ನಮ್ಮ ವಶಕ್ಕೆ ಒಪ್ಪಿಸಿ ಹೋದನು. ಅದೇ ಸಂಜೆ ಹಿಂದಿರುಗಿ ಕರೆದೊಯ್ಯಲು ಬಂದವನನ್ನು ಅವರೇ ಬರಿಗೈಯಲ್ಲಿ ಕಳುಹಿಸಿದ್ದರಿಂದ ನಿನಗೆ ಗಾಬರಿಯಾಗಿರಬಹುದು. ಆದ್ದರಿಂದ ನಡೆದದ್ದನ್ನು ಸವಿಸ್ತಾರವಾಗಿ ನಿವೇದಿಸುತ್ತಿದ್ದೇನೆ.

ಬ್ಯಾರನ್ನಿನ ಹೊಸ್ತಿಲು ದಾಟಿದ ಕೂಡಲೇ ಅವರು ನನ್ನ ಕೈ ಬಿಡಿಸಿಕೊಂಡರು. ನಡುವೆ ನಿಂತು ಎರಡು ಕೈಗಳನ್ನೂ ಜೋರಾಗಿ ತಟ್ಟಿ ಕೇಳಿದರು. ಒಂದು ಹೆಜ್ಜೆ ಸರಿದು ಮತ್ತೆ ತಟ್ಟಿದರು. “ಈ ಮೂಲೆ ಇನ್ನೂ ಕೂಗ್ತದೆ, ಇಲ್ಲಿಗೊಂದು ತಾಟು,” ಎಂದರು. ಸ್ಪೀಕರುಗಳನ್ನು ಮುಟ್ಟಲು ಕೈಯೆತ್ತಿ, ಸಿಗದೆ, “ಎಲ್ಲಿ ಮಡಗಿದ್ದೀಯೋ ಇವನ್ನ? ಗಣಪತಿ ಕೂರಿಸಿದ ಮೈಕಾ ಇದು? ಇಳ್ಸು, ಕಿವಿ ಮಟ್ಟಕ್ಕೆ ಇಳ್ಸು,” ಎಂದು ಗದರಿದರು. ನಾಗಮ್ಮಣ್ಣಿ ಏಣಿ ಹಿಡಿದಳು, ನಾನು ಹತ್ತಿದೆ. ನಡುಮಧ್ಯಾಹ್ನದ ಹೊತ್ತಿಗೆ ನಮ್ಮಿಬ್ಬರಿಗೂ ಬೆವರಿಳಿಯುತ್ತಿತ್ತು. ಅವರಿಗೆ ಮಾತ್ರ ಹದಿನೆಂಟು ವರ್ಷದ ಹುರುಪು! ಕೊನೆಗೆ ಇಬ್ಬರು ಮಾತನಾಡುವ ದೃಶ್ಯವನ್ನು ಹಾಕಿದಾಗ ಪ್ರತಿ ಮಾತೂ ತೊಳೆದಿಟ್ಟಂತೆ ಬಂತು. ಅವರು ಸೆಂಟರಿನ ಮೈಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ, “ಸರಿ ಅದೆ,” ಎಂದರು. ಮರುದಿನದ ಶೋಗೆ ಕೂರುವುದಾಗಿ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚೆಲುವರಾಜುವನ್ನು ಮಾತ್ರ ಹಿಂದಕ್ಕೆ ಕಳುಹಿಸಿದರು.

ನಿನ್ನೆ ಭಾನುವಾರ ಮಧ್ಯಾಹ್ನ ಬ್ಯಾರನ್ನು ಭರ್ತಿಯಾಗಿತ್ತು. ಚಿತ್ರ ಹೊಸದು, ನಮ್ಮಲ್ಲಿ ಯಾರೂ ನೋಡಿರದದ್ದು. ಅವರು ನನ್ನ ಪಕ್ಕದಲ್ಲಿ ಬಂದು ಕುಳಿತರು. ಅರ್ಧ ಚಿತ್ರದವರೆಗೂ ಸುಖವಾಗಿ ಸಾಗಿತು. ಒಂದೆಡೆ ನಮ್ಮ ಬೆನ್ನ ಹಿಂದಿನಿಂದ ಹೆಜ್ಜೆ ಸದ್ದು ಬಂದಾಗ ನಾವೆಲ್ಲ ಟಿವಿ ನೋಡುತ್ತಿದ್ದರೆ ಅವರೊಬ್ಬರೇ ತಲೆ ಹಿಂದಕ್ಕೆ ತಿರುಗಿಸಿ, “ಬಂದ ಕಣೋ, ಬಂದ,” ಎಂದರು. ನಾಗಮ್ಮಣ್ಣಿಯ ಸ್ಪೀಕರುಗಳು ಅವು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅನಂತರ ಬಂತು ನಾನು ಎಣಿಸದಿದ್ದ ಗಂಡಾಂತರ. ಚಿತ್ರದಲ್ಲಿ ಒಬ್ಬ ಹೆಂಗಸು ಕೊಠಡಿಯೊಳಗೆ ಬಂದು ನಿಂತಳು, ಮಾತೇ ನಿಂತಿತು. ಹಾಡಿಲ್ಲ, ಹೆಜ್ಜೆಯಿಲ್ಲ, ಗಾಳಿಯ ಸದ್ದೂ ಇಲ್ಲ. ಐದು ಸ್ಪೀಕರುಗಳೂ ಒಟ್ಟಿಗೆ ಬಾಯಿ ಮುಚ್ಚಿದವು. ಜನರೆಲ್ಲ ಟಿವಿಯನ್ನೇ ನೋಡುತ್ತಿದ್ದಾರೆ. ನಿನ್ನ ಮಾವನವರು ಮಾತ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಲೆ ಹೊರಳಿಸಿದರು. “ಕರೆಂಟ್ ಓಯ್ತಾ?” ಎಂದು ಮೆಲ್ಲಗೆ ಕೇಳಿದರು. ಇಲ್ಲವೆಂದೆ. ಅವರು ಮೊಣಕಾಲಿನ ಮೇಲೆ ಕೈಯೂರಿ ಏಳಲು ಹೊರಟರು. ಈಗ ಎದ್ದರೆ ಇವರು ಇನ್ನೆಂದೂ ಬಂದು ಕೂರುವುದಿಲ್ಲ ಎಂದು ನನಗೆ ತಿಳಿಯಿತು.

ಅವರ ತೋಳು ಹಿಡಿದು, ನನಗೆ ಬರುವ ಒಂದೇ ರೀತಿಯಲ್ಲಿ ಗಟ್ಟಿಯಾಗಿ ಹೇಳತೊಡಗಿದೆ: “ಸದರಿ ಕೊಠಡಿಯ ಪೂರ್ವಕ್ಕೆ ಬಾಗಿಲು, ಪಶ್ಚಿಮಕ್ಕೆ ಮಂಚ, ಉತ್ತರಕ್ಕೆ ಕಿಟಕಿ ಇರುತ್ತವೆ. ಮೇಲ್ಕಂಡ ಹೆಂಗಸು ಇವುಗಳ ಮಧ್ಯದಲ್ಲಿ ನಿಂತಿರುತ್ತಾಳೆ.”

ಬ್ಯಾರನ್ನಿಗೆ ಬ್ಯಾರನ್ನೇ ನಕ್ಕಿತು. ನಿನ್ನ ಮಾವನವರೂ ನಕ್ಕರು. “ಸೈಟು ಅಳೀತಿದ್ದೀಯೇನ್ಲಾ? ಮಕ ಹೇಳೋ. ಅವಳ ಮಕ ಎಂಗದೆ?”

ಮಗಳೇ, ಸಾವಿರಾರು ಅರ್ಜಿಗಳನ್ನು ಬರೆದವನು ನಾನು. ಎಷ್ಟೋ ಹೆಂಗಸರು ನನ್ನ ಮೇಜಿನ ಮುಂದೆ ನಿಂತು ಅತ್ತಿದ್ದಾರೆ. ಅವರ ಜಮೀನಿನ ಎಲ್ಲೆಗಳನ್ನು ಬರೆದೆನೇ ಹೊರತು ಯಾರೊಬ್ಬರ ಮುಖವನ್ನೂ ಬರೆಯಲಿಲ್ಲ. ಅರ್ಜಿಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಎಲ್ಲರೂ ನನ್ನ ಮಾತಿಗೇ ಕಾಯುತ್ತಿದ್ದರು.

“ಕೋಡಿ ಬೀಳೋಕೆ ಮುಂಚೆ ಕೆರೆ ಇರ್ತದಲ್ಲ ತಿಮ್ಮ, ಅಂಗವ್ಳೆ,” ಎಂದೆ. “ತುಂಬವ್ಳೆ. ಇನ್ನೂ ತುಳುಕಿಲ್ಲ.”

ಅವರು ಏಳಲು ಊರಿದ್ದ ಕೈಯನ್ನು ತೆಗೆದು, ಬೆನ್ನನ್ನು ಕುರ್ಚಿಗೆ ಒರಗಿಸಿದರು.

“ಕಾಣ್ತು ಬುಡು,” ಎಂದರು. “ಮುಂದಕ್ಕೆ?”

ಮುಗಿಯುವವರೆಗೂ ಹೇಳಿದೆ. ಗಂಟಲು ಕಟ್ಟಿ ಈ ದಿನ ನಾಗಮ್ಮಣ್ಣಿಯ ಮೆಣಸಿನ ಕಷಾಯ ನಡೆದಿದೆ.

ಆದಕಾರಣ ನಿನ್ನಲ್ಲಿ ವಿನಂತಿಸುವುದೇನೆಂದರೆ, ಅವರ ಪಂಚೆ ಶರ್ಟುಗಳನ್ನೂ ಕಣ್ಣಿಗೆ ಬಿಡುವ ಔಷಧಿಯನ್ನೂ ಯಾರಾದರೂ ಹುಣಸೂರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುವುದು. ಮುಂದಿನ ಭಾನುವಾರದ ಚಿತ್ರವನ್ನು ಆರಿಸುವ ಕೆಲಸವನ್ನು ಅವರಿಗೇ ವಹಿಸಲಾಗಿದೆ. ಮಾತು ಆದಷ್ಟು ಕಡಿಮೆ ಇರುವುದನ್ನೇ ಹುಡುಕಿ ತರಬೇಕಂತೆ.

ಇಂತಿ,
ಗುರುಮಲ್ಲಪ್ಪ